ಕಲ್ಲಿನ ಚಿತ್ರಕ್ಕೆ ಕನ್ನಡಿ ಹಿಡಿದ ನನ್ನ ಅನುಭವ

ಬಂಡೆಯ ಮೇಲಿನ ಹಳೆಯ ಕೆತ್ತನೆಯ ಫೋಟೋ ತೆಗೆಯಲು ಎಲ್ಲರೂ ಬಿಸಿಲಿಗೆ ಕಾಯುತ್ತಾರೆ. ನಾನು ನೆರಳಿಗೆ ಕಾಯುತ್ತೇನೆ. ಬಂಡೆ ಪೂರ್ತಿ ನೆರಳಿಗೆ ಬಿದ್ದ ಮೇಲೆ ಕನ್ನಡಿ ಹಿಡಿದು ಬಿಸಿಲನ್ನು ಅದರ ಮೇಲೆ ಅಡ್ಡಕ್ಕೆ ಬಿಡುತ್ತೇನೆ. ಇದನ್ನು ಹೇಳಿದಾಗ ರಿಯಾದಿನ ನಮ್ಮ ರೂಮಿನಲ್ಲಿ ನಗದವರಿಲ್ಲ. "ಮಾರಾಯ, ಕನ್ನಡಿ ಹಿಡ್ಕೊಂಡು ಮರುಭೂಮಿಗೆ ಹೋಗ್ಲಿಕ್ಕೆ ನಿಂಗೆ ಅಲ್ಲಿ ಎಂತ, ಗಡ್ಡ ತೆಗಿಲಿಕ್ಕುಂಟಾ?" ಅಂದವರು ಉಪ್ಪಳದ ಇಚ್ಚ. ಈಗ ಅದೇ ಇಚ್ಚ ನನ್ನ ಫೋಟೋಗಳನ್ನು ಊರಿನವರಿಗೆಲ್ಲ ಕಳಿಸುತ್ತಾರೆ. ಯಾವ ಕ್ಯಾಮರಾ ಅಂತ ಕೇಳುವವರಿಗೆ ಒಂದೇ ಉತ್ತರ: ಮೂಲೆ ಒಡೆದ ಹಳೆಯ ಮೊಬೈಲು.

ಸೌದಿಯಲ್ಲಿ ಇದ್ದವರಿಗೆ ಹಳೆಯ ಕೆತ್ತನೆಗಳಿರುವ ಜುಬ್ಬಾ ಅನ್ನುವ ಊರು ಗೊತ್ತಿರುತ್ತದೆ. ರಿಯಾದಿನಿಂದ ಹಾಯಿಲ್ 600 ಚಿಲ್ಲರೆ ಕಿ.ಮೀ., ಅಲ್ಲಿಂದ ವಾಯುವ್ಯಕ್ಕೆ ಇನ್ನೂ ನೂರರ ಹತ್ತಿರ. ನಫೂದ್ ಮರಳಿನ ನಡುವೆ ಉಮ್ ಸಿನ್ಮಾನ್ ಬೆಟ್ಟ, ಅದರ ಬುಡದಲ್ಲಿ ಊರು. ಒಂದು ಕಾಲದಲ್ಲಿ ಅಲ್ಲಿ ದೊಡ್ಡ ಕೆರೆ ಇತ್ತು. ಉದ್ದ ಕೊಂಬಿನ ದನಗಳ ಚಿತ್ರ ಇರುವುದು ಅದಕ್ಕೇ. ನೆಲ ಒಣಗಿದ ಮೇಲೆ ಬಂದವರು ಒಂಟೆ ಕೆತ್ತಿದರು, ಅರೇಬಿಯದ ಹಳೆಯ ಥಮೂದಿಕ್ ಲಿಪಿಯಲ್ಲಿ ಬರೆದರು, ಎಷ್ಟೋ ಕಡೆ ಹಳೆಯದರ ಮೇಲೆಯೇ. 2015ರಲ್ಲಿ ಇಂಥದ್ದೇ ಕೆತ್ತನೆಗಳಿರುವ ಶುವೈಮಿಸ್ ಜೊತೆ ಸೇರಿಸಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು.

ಚಳಿಗಾಲದಲ್ಲೇ ಹೋಗಿ. ಜಾಕೆಟ್ ಬೇಕು, ಹಾಯಿಲಿನಲ್ಲಿ ರಾತ್ರಿ ಕೈ ಮರಗಟ್ಟುತ್ತದೆ.

ಮೊದಲು ದುಡ್ಡಿನ ಮಾತು. ಮರುಭೂಮಿ ಅಂದ ಕೂಡಲೇ ದೊಡ್ಡ ಗಾಡಿ ಬೇಕು ಅಂತ ಬಾಡಿಗೆ ಕೊಡುವವರು ಹೆದರಿಸುತ್ತಾರೆ. ಮೊದಲ ಸಲ ಹಾಗೇ ಫೋರ್ ವೀಲ್ ತೆಗೆದುಕೊಂಡೆವು, ದಿನಕ್ಕೆ 400 ರಿಯಾಲಿನ ಹತ್ತಿರ ಹೋಯಿತು. ಜುಬ್ಬಾದವರೆಗೂ ಒಳ್ಳೆಯ ಡಾಂಬರು ರಸ್ತೆ. ಆಮೇಲಿನ ಸಲಗಳಲ್ಲಿ ಸಣ್ಣ ಕಾರು, ನೂರಿಪ್ಪತ್ತೋ ಮೂವತ್ತೋ. ಅದರಲ್ಲೂ ಬಾಗಿಲಿಗೆ ಮರಳಿನ ಗೀರು ಬಿದ್ದಿದೆ ಅಂತ ಮುಂಗಡದಲ್ಲಿ 300 ರಿಯಾಲ್ ಹಿಡಿದುಕೊಂಡರು. ಆ ಗೀರು ಮೊದಲೇ ಇತ್ತು. ಗಾಡಿ ತೆಗೆಯುವಾಗ ಸುತ್ತಲೂ ವಿಡಿಯೋ ಮಾಡಿಟ್ಟುಕೊಳ್ಳಿ.

ಇನ್ನು ಕೆಲಸ. ಅಲ್ಲಿನ ಮರಳುಗಲ್ಲಿಗೆ ಕಬ್ಬಿಣ, ಮ್ಯಾಂಗನೀಸ್ ಸೇರಿದ ಕಪ್ಪು ಪದರ ಕಟ್ಟಿರುತ್ತದೆ. ಕುಟ್ಟಿ ಕೆತ್ತಿದಾಗ ಒಳಗಿನ ತಿಳಿ ಬಣ್ಣ ಹೊರಗೆ ಬರುತ್ತದೆ. ಸಾವಿರಾರು ವರ್ಷ ಕಳೆದರೆ ಕೆತ್ತಿದ ಜಾಗಕ್ಕೂ ಅದೇ ಕಪ್ಪು ಹತ್ತುತ್ತದೆ. ಬಣ್ಣದ ವ್ಯತ್ಯಾಸ ಹೋಯಿತು, ಉಳಿದದ್ದು ಆಳ ಮಾತ್ರ. ಮೇಲಿನ ಒಂಟೆಗಳನ್ನು ಯಾವ ಹೊತ್ತಿಗೂ ತೆಗೆಯಬಹುದು. ನನಗೆ ಬೇಕಾದದ್ದು ಅವುಗಳ ಅಡಿಯಲ್ಲಿ ಇದ್ದದ್ದು. ಎದುರಿನಿಂದ ಬಿಸಿಲು ಬಿದ್ದರೆ ಅದು ಕಾಣುವುದೇ ಇಲ್ಲ, ಫ್ಲಾಶ್ ಹಾಕಿದರೆ ಇನ್ನೂ ಚಪ್ಪಟೆ. ರಾತ್ರಿ ಟಾರ್ಚ್ ಹಿಡಿಯೋಣ ಅಂದರೆ ಬೇಲಿ ಉಂಟು, ಗೇಟು ಹಗಲು ಮಾತ್ರ.

ಮೊದಲು ತಂದದ್ದು ಕಾರಿನ ಗಾಜಿಗೆ ಅಡ್ಡ ಇಡುವ ಬೆಳ್ಳಿ ಬಣ್ಣದ ಹಾಳೆ, 15 ರಿಯಾಲು. ಬೆಳಕು ಬಂತು, ಆದರೆ ಸುಕ್ಕಿನಿಂದ ಎಲ್ಲ ಕಡೆ ಚದುರಿತು. ದಪ್ಪ ಗೆರೆ ಕಂಡಿತು, ತೆಳು ಗೆರೆ ಇಲ್ಲ. ಆಮೇಲೆ ಒಡೆಯುವುದಿಲ್ಲ ಅಂತ ಅಕ್ರಿಲಿಕ್ ಕನ್ನಡಿ. ಅದು ಗಾಳಿಗೆ ಬಾಗಿ, ಬಂಡೆಯ ಮೇಲೆ ಬೆಳಕಿನ ಅಲೆ ಎದ್ದಿತು. ಕೊನೆಗೆ ರಿಯಾದಿನ ಬತ್ಹಾ ಪೇಟೆಯಿಂದ ಸಾದಾ ಗಾಜಿನ ಕನ್ನಡಿ, ಸುಮಾರು ಒಂದೂವರೆ ಅಡಿ ಉದ್ದದ್ದು. ಒಂದು ದಾರಿಯಲ್ಲೇ ಒಡೆಯಿತು. ಅದಕ್ಕೇ ಈಗ ಹಿಂದೆ ಪ್ಲೈವುಡ್ ಅಂಟಿಸಿ, ಅಂಚಿಗೆ ಟೇಪು ಸುತ್ತುತ್ತೇನೆ.

ಗಾಜಿನ ಕನ್ನಡಿ ಬಂದ ಮೇಲೂ ಎರಡು ತಲೆನೋವು ಉಳಿಯಿತು. ಒಂದು, ಬಂಡೆ ನೆರಳಿನಲ್ಲಿ ಇರಬೇಕು, ಕನ್ನಡಿ ಬಿಸಿಲಿನಲ್ಲಿ ಇರಬೇಕು. ಪೂರ್ವಕ್ಕೆ ಮುಖ ಮಾಡಿದ ಬಂಡೆಗೆ ಮಧ್ಯಾಹ್ನ ದಾಟಿದ ಕೂಡಲೇ ನೆರಳು ಬರುತ್ತದೆ, ಆಗ ನೆರಳು ಚಿಕ್ಕದು, ಕನ್ನಡಿ ಹತ್ತಿರವೇ ನಿಲ್ಲಬಹುದು. ನಾಲ್ಕು ಗಂಟೆಗೆ ಹೋದರೆ ನೆರಳು ಎಲ್ಲೋ ಹೋಗಿರುತ್ತದೆ, ಕನ್ನಡಿ ಹಿಡಿದವನೂ ಅಷ್ಟು ದೂರ ಹೋಗಬೇಕು. ಇಪ್ಪತ್ತು ಮೀಟರ್ ದಾಟಿದರೆ ಬೆಳಕಿನ ಅಂಚು ಮಸುಕಾಗಿ ಸಣ್ಣ ಗೆರೆಗಳು ಕೈಬಿಡುತ್ತವೆ. ಹಾಗಾಗಿ ಕೈಗೆ ಸಿಗುವುದು ಒಂದು, ಒಂದೂವರೆ ಗಂಟೆ ಅಷ್ಟೇ. ಉತ್ತರಕ್ಕೆ ಮುಖ ಇದ್ದ ಬಂಡೆ ಸಿಕ್ಕಿದರೆ ನಿಮ್ಮ ಅದೃಷ್ಟ, ಚಳಿಗಾಲದಲ್ಲಿ ಇಡೀ ದಿನ ನೆರಳು.

ಇನ್ನೊಂದು, ನೆಲದಲ್ಲಿಟ್ಟ ಕನ್ನಡಿಯ ಬೆಳಕು ಕೆಳಗಿನಿಂದ ಮೇಲೆ ಹೋಗುತ್ತದೆ. ಆ ಫೋಟೋ ರೂಮಿನಲ್ಲಿ ತೆರೆದು ನೋಡಿದರೆ ಕೆತ್ತನೆಗಳೆಲ್ಲ ಉಬ್ಬಿ ನಿಂತಿದ್ದವು! ಕಣ್ಣು ಬೆಳಕು ಮೇಲಿನಿಂದ ಬಂತು ಅಂತಲೇ ಲೆಕ್ಕ ಹಾಕುತ್ತದೆ, ಹಾಗಾಗಿ ತಗ್ಗು ಉಬ್ಬಾಗಿ ಕಾಣುತ್ತದೆ. ಬೆಳಕು ಎಡ ಮೇಲ್ಗಡೆಯಿಂದ ಬರಬೇಕು.

ಎರಡಕ್ಕೂ ಮದ್ದು ಎರಡನೇ ಕನ್ನಡಿ. ಒಬ್ಬ ಬಿಸಿಲಿನಲ್ಲಿ ನಿಂತು ದೊಡ್ಡ ಕನ್ನಡಿಯಿಂದ ಬೆಳಕು ಕೊಡುತ್ತಾನೆ. ನೆರಳಿನಲ್ಲಿ, ಬಂಡೆಯ ಪಕ್ಕಕ್ಕೆ ಒತ್ತಿ ನಿಂತ ಇನ್ನೊಬ್ಬ ಚಿಕ್ಕ ಕನ್ನಡಿಯನ್ನು ತಲೆಗಿಂತ ಮೇಲೆ ಹಿಡಿದು, ಆ ಬೆಳಕನ್ನು ಬಂಡೆಯ ಮೈಗುಂಟ ಬಿಡುತ್ತಾನೆ. ಬೆಳಕಿಗೂ ಬಂಡೆಗೂ ನಡುವೆ ಹತ್ತು, ಹದಿನೈದು ಡಿಗ್ರಿ ಸಾಕು. ಸೂರ್ಯ ಸುಮ್ನೆ ನಿಲ್ಲುವುದಿಲ್ಲ ಅಲ್ವಾ, ದೊಡ್ಡ ಕನ್ನಡಿಯವನು ತಿರುಗಿಸುತ್ತಲೇ ಇರಬೇಕು. ಬೆಳಕಿನ ತುಂಡು ಚಿಕ್ಕದಾದ್ದರಿಂದ ಮೊಬೈಲನ್ನು ಟ್ರೈಪಾಡಿನಲ್ಲಿ ಕೂರಿಸಿ ತುಂಡು ತುಂಡಾಗಿ ತೆಗೆದು, ಆಮೇಲೆ ಒಂದರ ಮೇಲೊಂದು ಕೂಡಿಸುತ್ತೇನೆ. ಯಾವ ತುಂಡನ್ನು ಮೊದಲು ಇಡುತ್ತೇನೆ, ಚಿಕ್ಕ ಕನ್ನಡಿಯ ಬಾಯಿಗೆ ಏನು ಅಂಟಿಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ.

ಅದು ಕೂಡಿ ಬಂದ ದಿನ ನಮ್ಮ ಎದುರು ಇದ್ದದ್ದು ಮಾಮೂಲಿ ಒಂಟೆ. ಇಚ್ಚ ಬಿಸಿಲಿನಲ್ಲಿ, ಕುಂಬಳೆಯ ಹುಡುಗ ಚಿಕ್ಕ ಕನ್ನಡಿಯಲ್ಲಿ. ಬೆಳಕು ಒಂಟೆಯ ಹೊಟ್ಟೆ ದಾಟುವಾಗ ಒಂದು ಬಾಗಿದ ಗೆರೆ ಎದ್ದಿತು. ಹುಡುಗ ಕೈ ಒಂದು ಚೂರು ತಿರುಗಿಸಿದ, ಅದರ ಜೋಡಿ ಗೆರೆಯೂ ಎದ್ದಿತು. ಕೊಂಬು! ಒಂಟೆಯ ಅಡಿಯಲ್ಲಿ ಇಡೀ ಒಂದು ದನ ನಿಂತಿತ್ತು. ಮೈತುಂಬ ಕುಟ್ಟಿದ ಒಂದೊಂದು ಗುಳಿಯೂ ಬೇರೆ ಬೇರೆ, ಕಾವಲಿಯ ಮೇಲಿನ ನೀರುದೋಸೆಯ ತೂತಿನ ಹಾಗೆ. ಒಂಟೆಯ ಗುಳಿಗಳು ದೊಡ್ಡವು, ಒರಟು. ದನದ್ದು ಸಣ್ಣ, ಒತ್ತೊತ್ತಾಗಿ. ಕುಟ್ಟಿದ ಕಲ್ಲು ಬೇರೆ, ಕೈ ಬೇರೆ ಅಂತ ಬರಿಗಣ್ಣಿಗೇ ಗೊತ್ತಾಗುತ್ತಿತ್ತು. ಕಾವಲಿನವನು "ಮಮ್ನೂ, ಮಮ್ನೂ" (ಮಾಡಬಾರದು) ಅಂತ ಬಂದ. ಅವನಿಗೆ ಬಂಡೆಯ ಚಿಂತೆಯಲ್ಲ, ನೋಡಲು ಬಂದವರ ಕಣ್ಣಿಗೆ ಬೆಳಕು ಹೊಡೆಯುತ್ತಿತ್ತು. ಅವರು ಆಚೆ ಹೋಗುವವರೆಗೆ ಕನ್ನಡಿ ಮಗುಚಿಟ್ಟೆವು.

ಈ ನಡುವೆ ಬೇರೆ ಆಟಗಳೂ ನಡೆದವು. ನೂರಾರು ಫೋಟೋ ಸೇರಿಸಿ ತ್ರೀಡಿ ಮಾಡಿ ನೋಡಿದೆ. ಲ್ಯಾಪ್‌ಟಾಪ್ ರಾತ್ರಿಯಿಡೀ ಬಿಸಿಯಾಗಿ ಓಡಿತು, ಬಂಡೆಯ ಆಕಾರ ಚೆನ್ನಾಗಿಯೇ ಬಂತು, ಆದರೆ ಬೇಟೆಗಾರನ ಸೊಂಟದಿಂದ ನಾಯಿಯ ಕುತ್ತಿಗೆಗೆ ಎಳೆದಂಥ ತೆಳು ಗೆರೆಗಳು ಮಾಯ. ಫೋಟೋದ ಬಣ್ಣ ಎದ್ದು ಕಾಣಿಸುವ ಡಿ-ಸ್ಟ್ರೆಚ್ ಅನ್ನುವ ಸಾಫ್ಟ್‌ವೇರಿಗೂ ಹಾಕಿದೆ. ಅದು ಬಣ್ಣದ ಚಿತ್ರಕ್ಕೆ ಮಾಡಿದ್ದು, ಕೆತ್ತನೆಗೆ ಅದರಿಂದ ದೊಡ್ಡ ಉಪಯೋಗವಿಲ್ಲ.

ಊರಿಗೆ ಬಂದ ಮೇಲೆ ಇದನ್ನೇ ಚೀಮೇನಿಯ ಅರಿಯಿಟ್ಟಪಾರೆಯಲ್ಲಿ ಮಾಡಲು ಹೊರಟೆ. ಕಾಸರಗೋಡಿನವರೇ ಎಷ್ಟೋ ಮಂದಿ ನೋಡಿಲ್ಲ, ಮನುಷ್ಯರ, ಪ್ರಾಣಿಗಳ ಕೆತ್ತನೆ ಅಲ್ಲಿ ಉಂಟು. ಇಲ್ಲಿ ಲೆಕ್ಕವೇ ಬೇರೆ. ಬಂಡೆ ಗೋಡೆಯಲ್ಲ, ಹಾಸಿದ ಮುರಕಲ್ಲು (ಜಂಬಿಟ್ಟಿಗೆ), ನೆರಳೇ ಇಲ್ಲ. ಅಡಿಕೆ ಒಣಗಿಸುವ ಟರ್ಪಾಲು ತಂದು ನಾಲ್ಕು ಬಿದಿರಿಗೆ ಕಟ್ಟಿ ನೆರಳು ಮಾಡಿದೆವು. ಮುರಕಲ್ಲಿಗೆ ಅದರದ್ದೇ ತೂತುಗಳು ಬೇರೆ. ಹತ್ತು ಡಿಗ್ರಿಯಲ್ಲಿ ಬೆಳಕು ಬಿಟ್ಟರೆ ತೂತೆಲ್ಲ ಎದ್ದು ಕೂತು ಚಿತ್ರ ಮುಳುಗುತ್ತದೆ. ಇಲ್ಲಿ ಇಪ್ಪತ್ತೈದು, ಮೂವತ್ತು ಬೇಕು. ನಾಲ್ಕು ದಿಕ್ಕಿನಿಂದಲೂ ಬಿಟ್ಟು ನೋಡಬೇಕು: ಸಹಜ ತೂತಿನ ನೆರಳು ದಿಕ್ಕಿಗೊಂದು ಆಕಾರ ತಾಳುತ್ತದೆ, ಕೆತ್ತಿದ ಗೆರೆ ಎಲ್ಲದರಲ್ಲೂ ತನ್ನ ದಾರಿ ಬಿಡುವುದಿಲ್ಲ. ಮಳೆಗಾಲದಲ್ಲಿ ಹೋಗಬೇಡಿ, ಪಾಚಿ, ಮುಳಿಹುಲ್ಲು. ಹುಲ್ಲು ಒಣಗಿದ ಮೇಲೆ, ಜನವರಿ ಹೊತ್ತಿಗೆ ಸರಿ.

ಗೆರೆಗೆ ಸೀಮೆಸುಣ್ಣ ಬಳಿದು ಫೋಟೋ ತೆಗೆಯುವವರು ಈಗಲೂ ಇದ್ದಾರೆ. ಅದು ಅವರು ಕಂಡದ್ದರ ಫೋಟೋ, ಬಂಡೆಯದ್ದಲ್ಲ. ನನ್ನ ಗುಂಪಿಗೆ ಅವರನ್ನು ಸೇರಿಸುವುದಿಲ್ಲ.

ಊರಿನಲ್ಲಿ ಖರ್ಚು ಹೆಚ್ಚಿಲ್ಲ. ಎರಡು ಕನ್ನಡಿ, ಪ್ಲೈವುಡ್, ಟೇಪು ಸೇರಿ ಸಾವಿರದೊಳಗೆ ಮುಗಿಯಿತು. ಟರ್ಪಾಲು ಮನೆಯದೇ. ಹುಡುಗರಿಗೆ ಬಿರಿಯಾನಿ ಕೊಡಿಸಿದ್ದೇ ಅದಕ್ಕಿಂತ ಜಾಸ್ತಿ. ಮುಂದಿನದ್ದು ರತ್ನಾಗಿರಿಯ ಕಶೇಳಿ. ಅಲ್ಲಿ ನೆಲದಲ್ಲಿ ಕೆತ್ತಿದ ಆನೆ 18 ಮೀಟರಿನ ಹತ್ತಿರ ಉದ್ದ, ಅದೂ ಮುರಕಲ್ಲಿನಲ್ಲೇ. ಅಷ್ಟಕ್ಕೂ ಒಮ್ಮೆಗೇ ನೆರಳು ಮಾಡುವ ಟರ್ಪಾಲು ನಮ್ಮ ಅಂಗಳದಲ್ಲಿಲ್ಲ. ಶಾಮಿಯಾನದವರನ್ನು ಕೇಳಿದೆ, ದಿನಕ್ಕೆ ಮೂರು ಸಾವಿರ ಅಂದರು, ಲಾರಿ ಬಾಡಿಗೆ ಬೇರೆ. ಸೊಂಡಿಲಿನಿಂದ ಶುರುಮಾಡಿ ಒಂದೊಂದೇ ಭಾಗಕ್ಕೆ ಟರ್ಪಾಲು ಜರುಗಿಸುತ್ತಾ ಹೋಗೋಣ ಅಂತ ಇಚ್ಚ ಹೇಳುತ್ತಿದ್ದಾರೆ. ಅವರು ರಜೆಗೆ ಬರುವುದು ಫೆಬ್ರವರಿಯಲ್ಲಿ.