ಎ-2 ಜಾಕೆಟ್‌ನ ನಿಷ್ಠ ಪ್ರತಿಕೃತಿಯನ್ನು ಹೊಲಿಸುವವರಿಗೆ

ಅಮೆರಿಕದ ಸೇನಾ ವಾಯುದಳವು 1931ರಲ್ಲಿ ಅಂಗೀಕರಿಸಿ, ಎರಡನೆಯ ಮಹಾಯುದ್ಧದಲ್ಲಿ ವಿಮಾನ ಸಿಬ್ಬಂದಿಗೆ ಕೊಟ್ಟ ಎ-2 ಚರ್ಮದ ಜಾಕೆಟ್‌ನ ಪ್ರತಿಕೃತಿಯನ್ನು ಮಾಡಿಸುವವರು, ಮೊದಲು ಅಂದು ಸರ್ಕಾರಕ್ಕೆ ಅದನ್ನು ಹೊಲಿದುಕೊಟ್ಟ ಗುತ್ತಿಗೆದಾರರಲ್ಲಿ ಯಾರ ಜಾಕೆಟ್ ಬೇಕೆಂಬುದನ್ನು ನಿರ್ಧರಿಸಿಕೊಳ್ಳಬೇಕು. ರಫ್ ವೇರ್, ಏರೋ ಲೆದರ್, ಡುಬೌ ಮುಂತಾದ ಸಂಸ್ಥೆಗಳು ಒಂದೇ ಸರ್ಕಾರಿ ವಿವರಣೆಯನ್ನು ಅನುಸರಿಸಿದರೂ ಕಾಲರ್‌ನ ಆಕಾರ, ಜೇಬಿನ ಮುಚ್ಚಳ, ಚರ್ಮದ ಬಣ್ಣ ಇವೆಲ್ಲ ಒಬ್ಬರಿಂದೊಬ್ಬರಿಗೆ ಬೇರೆಯಾಗಿದ್ದುದರಿಂದ, ಹಲವರ ಲಕ್ಷಣಗಳನ್ನು ಬೆರೆಸಿದರೆ ಆ ಕಾಲದಲ್ಲಿ ಇರದಿದ್ದ ಜಾಕೆಟ್ ಸಿದ್ಧವಾಗುತ್ತದೆ.

ಕುದುರೆ ಚರ್ಮವೇ ಹೆಚ್ಚು ಬಳಕೆಯಲ್ಲಿತ್ತು; ಮೇಕೆಯ ಚರ್ಮವೂ ಸರಿಯೇ. ಚರ್ಮದ ತುಂಡೊಂದನ್ನು ತರಿಸಿಕೊಂಡು, ಮಡಚಿ, ಹಗಲು ಬೆಳಕಿನಲ್ಲಿ ನೋಡದೆ ಮುಂಗಡ ಕೊಡಬೇಡಿ. ಬೆನ್ನು ಒಂದೇ ತುಂಡಿನದಾಗಿರಬೇಕು, ಜಿಪ್ ಲೋಹದ್ದಾಗಿರಬೇಕು, ಮಣಿಕಟ್ಟು ಮತ್ತು ಸೊಂಟದ ಹೆಣಿಗೆ ಉಣ್ಣೆಯದಾಗಿರಬೇಕು, ಜೇಬುಗಳಿಗೆ ಪಕ್ಕದಿಂದ ಕೈ ತೂರಿಸುವ ಬಾಯಿ ಇರಬಾರದು ಎಂಬುದನ್ನು ಬರವಣಿಗೆಯಲ್ಲೇ ತಿಳಿಸಿ.

ಅಳತೆಯ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ನಿಮಗೆ ಚೆನ್ನಾಗಿ ಹೊಂದುವ ಜಾಕೆಟ್ ಒಂದನ್ನು ಮೇಜಿನ ಮೇಲೆ ಹರಡಿ ಎದೆ, ಭುಜ, ತೋಳು, ಬೆನ್ನಿನ ಉದ್ದಗಳನ್ನು ಅಳೆದು ಕಳುಹಿಸಿ. ಅಂದಿನ ಪ್ಯಾಂಟುಗಳು ಸೊಂಟದ ಮೇಲ್ಭಾಗದಲ್ಲಿ ನಿಲ್ಲುತ್ತಿದ್ದ ಕಾರಣ ಮೂಲ ಜಾಕೆಟ್ ಗಿಡ್ಡವಾಗಿಯೇ ಇತ್ತು. ಇಂದಿನ ಅಭ್ಯಾಸಕ್ಕಾಗಿ ಅದನ್ನು ಉದ್ದ ಮಾಡಿಸಿದರೆ ಇಡೀ ರೂಪವೇ ಕೆಡುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.