ಬಹುಪದೋಕ್ತಿಯನ್ನು ಸ್ಪ್ಲೈನ್‌ಗಳಲ್ಲಿ ಬರೆದ ನನ್ನ ಅನುಭವ

ತೀರ್ಥಹಳ್ಳಿಯ ನಮ್ಮ ತೋಟದಲ್ಲಿ ದಿನವೂ ಅಳೆದು ಬರೆದಿಟ್ಟ ಮಳೆಯ ಮೊತ್ತವನ್ನು ನಯವಾದ ರೇಖೆಯಾಗಿ ಎಳೆಯಲು ನಾನು ಘನ ಬಿ-ಸ್ಪ್ಲೈನ್‌ಗಳ ಪ್ರೋಗ್ರಾಂ ಬರೆದೆ. ಮೂರನೆಯ ಘಾತದ ಬಹುಪದೋಕ್ತಿಗಳ ತುಂಡುಗಳನ್ನು ನಯವಾಗಿ ಜೋಡಿಸಿದ ರೇಖೆಯೇ ಘನ ಸ್ಪ್ಲೈನ್; ತುಂಡುಗಳು ಸೇರುವ ಜಾಗಗಳಿಗೆ ಗಂಟುಗಳು ಎನ್ನುತ್ತಾರೆ. ಆರಿದ್ರ, ಪುನರ್ವಸು, ಪುಷ್ಯ ಎಂದು ಮಳೆ ನಕ್ಷತ್ರ ಬದಲಾಗುವ ದಿನಗಳನ್ನೇ ಗಂಟುಗಳಾಗಿ ಇಟ್ಟುಕೊಂಡೆ. ಗೂಟಗಳ ನಡುವೆ ಬಗ್ಗಿಸಿದ ಅಡಿಕೆ ದಬ್ಬೆ ಹೇಗೆ ಎಲ್ಲಿಯೂ ಮುರಿಯದೆ ತಿರುಗುತ್ತದೆಯೋ ಹಾಗೆ ಘನ ಸ್ಪ್ಲೈನ್ ಗಂಟು ದಾಟುವಾಗ ಅದರ ಇಳಿಜಾರೂ ಬಾಗೂ ಕಡಿಯುವುದಿಲ್ಲ. ಆದರೆ ಮಳೆಯ ಅಂಕಿಗಳಿಗೆ ಕೈಹಾಕುವ ಮೊದಲು ಉತ್ತರ ಗೊತ್ತಿರುವ ಬಹುಪದೋಕ್ತಿಯೊಂದನ್ನು ಪರೀಕ್ಷಿಸಬೇಕೆನಿಸಿತು. ಮೂರನೆಯ ಘಾತದವರೆಗಿನ ಯಾವುದನ್ನೇ ಆಗಲಿ, ಬಿ-ಸ್ಪ್ಲೈನ್‌ಗಳೆಂಬ ಈ ಆಧಾರ ಫಲನಗಳು ಅಂದಾಜಾಗಿ ಅಲ್ಲ, ನಿಖರವಾಗಿಯೇ ಹಿಡಿಯಬೇಕು. ಪ್ರತಿ ಆಧಾರ ಫಲನವನ್ನು ಒಂದೊಂದು ಸಂಖ್ಯೆಯಿಂದ, ಅಂದರೆ ಸಹಗುಣಕದಿಂದ, ಗುಣಿಸಿ ಎಲ್ಲವನ್ನೂ ಕೂಡಿಸಿದರೆ ರೇಖೆ ಸಿಗುತ್ತದೆ.

ಪರೀಕ್ಷೆಗೆ 0, 1, 2, 3, 4 ಎಂಬ ಗಂಟುಗಳನ್ನು ತೆಗೆದುಕೊಂಡು, ಎರಡು ತುದಿಗಳನ್ನು ನಾಲ್ಕು ನಾಲ್ಕು ಬಾರಿ ಬರೆದಾಗ ಒಟ್ಟು 11 ಗಂಟುಗಳೂ 7 ಆಧಾರ ಫಲನಗಳೂ ಆದವು. ಪ್ರತಿ ಫಲನಕ್ಕೆ 5 ಗಂಟುಗಳು; ಅವುಗಳಲ್ಲಿ ಒಳಗಿನ ಮೂರರ ಸರಾಸರಿಯನ್ನು ಸಹಗುಣಕವಾಗಿ ಇಟ್ಟರೆ ಎಕ್ಸ್ ಸರಿಯಾಗಿ ಬಂತು. ಅದೇ ಧೈರ್ಯದಲ್ಲಿ ಎಕ್ಸ್ ವರ್ಗಕ್ಕೆ ಆ ಸರಾಸರಿಯ ವರ್ಗವನ್ನೇ ಇಟ್ಟೆ. ಎಕ್ಸ್ 2 ಆದಾಗ 4 ಬರಬೇಕಿದ್ದಲ್ಲಿ 13/3 ಬಂತು.

ಎರಡು ಸಂಜೆ ಪ್ರೋಗ್ರಾಂನಲ್ಲಿ ತಪ್ಪು ಹುಡುಕಿದೆ. ಕರೆಂಟು ಹೋದ ರಾತ್ರಿ ಕಾಗದದ ಮೇಲೆ ಲೆಕ್ಕ ಮಾಡಿದಾಗ ವಿಷಯ ತಿಳಿಯಿತು. 2ರಲ್ಲಿ ಸೊನ್ನೆಯಲ್ಲದ ಫಲನಗಳು ಮೂರೇ, ಅವುಗಳ ಬೆಲೆ 1/6, 2/3, 1/6. ನಾನು ಕೊಟ್ಟ 1, 4, 9ರಿಂದ 13/3 ಬರಲೇಬೇಕು. ಪ್ರೋಗ್ರಾಂ ಸರಿಯಿತ್ತು, ಸಹಗುಣಕಗಳು ತಪ್ಪಿದ್ದವು.

ಗಣಿತಜ್ಞ ಮಾರ್ಸ್ಡೆನ್ 1970ರಲ್ಲಿ ಪ್ರಕಟಿಸಿದ ಸರ್ವಸಮೀಕರಣದಿಂದ ಸಿಗುವ ನಿಯಮ ಬೇರೆ. ಎಕ್ಸ್ ವರ್ಗಕ್ಕೆ ಒಳಗಿನ ಮೂರು ಗಂಟುಗಳನ್ನು ಎರಡೆರಡಾಗಿ ಗುಣಿಸಿ ಸರಾಸರಿ ತೆಗೆಯಬೇಕು. ಎಕ್ಸ್ ಘನಕ್ಕೆ ಮೂರನ್ನೂ ಗುಣಿಸಿದರೆ ಸಾಕು. ಒಳಗಿನ ಗಂಟುಗಳು 1, 2, 3 ಆಗಿರುವ ಫಲನಕ್ಕೆ (2+3+6)/3, ಅಂದರೆ 11/3. ಅಕ್ಕಪಕ್ಕದವು 2/3 ಮತ್ತು 26/3. ಇವನ್ನು ಅದೇ 1/6, 2/3, 1/6 ಬೆಲೆಗಳಿಂದ ಕ್ರಮವಾಗಿ ಗುಣಿಸಿ (11/3ಕ್ಕೆ ನಡುವಿನ 2/3) ಕೂಡಿಸಿದಾಗ ಸರಿಯಾಗಿ 4 ಬಂತು. ಘನಕ್ಕೆ 0, 6, 24 ಇಟ್ಟಾಗ 8 ಬಂತು. ಸಹಗುಣಕವೆಂದರೆ ರೇಖೆಯ ಮೇಲಿನ ಒಂದು ಬಿಂದುವಿನ ಬೆಲೆಯಲ್ಲ, ಮೂರು ಗಂಟುಗಳೂ ಸಮನಾಗಿ ಪಾಲು ಪಡೆದ ಬೆಲೆ ಎಂಬುದು ಆ ಹಾಳೆಯ ಮೇಲೆಯೇ ನನಗೆ ಮನದಟ್ಟಾಯಿತು.

ನಕ್ಷತ್ರಗಳ ಅಂತರ 13 ಅಥವಾ 14 ದಿನವಾದ್ದರಿಂದ ಗಂಟುಗಳು ಸಮಾನ ದೂರದಲ್ಲಿಲ್ಲ, ಆದರೂ ನಿಯಮ ಅದೇ. ದಿನಗಳನ್ನು ಜನವರಿಯಿಂದ ಎಣಿಸಿದರೆ ಘನಗಳು ಬಹಳ ದೊಡ್ಡದಾಗಿ ದಶಾಂಶಗಳು ಸವೆಯುತ್ತಿದ್ದವು. ಮೊದಲ ಗಂಟಿನಿಂದಲೇ ಎಣಿಸತೊಡಗಿದೆ. ಆಮೇಲೆ ಪುಷ್ಯ ಮಳೆಯ ನಡುವೆ ಗಂಟೊಂದನ್ನು ಸೇರಿಸಿ ಎಕ್ಸ್ ಘನವನ್ನು ಮತ್ತೆ ಬರೆದೆ. ಆ ಗಂಟಿನ ಸುತ್ತಲಿನ ಸಹಗುಣಕಗಳು ಬದಲಾದವು, ರೇಖೆ ಮಾತ್ರ ಇದ್ದಲ್ಲಿಯೇ ಇತ್ತು.