ಹೊಸ ಸಂಸಾರದ ಕಟ್ಟಿಗೆ: ಮನೆಯಲ್ಲೇ ಮಾಡಿಕೊಳ್ಳುವ ಅಡ್ಡೆ, ಗರಗಸ, ಬೆಣೆ

ಗೋವಾದ ಕಾಣಕೋಣ, ಸಾಂಗೆಯ ಕಡೆ ತೋಟದ ಕೆಲಸಕ್ಕೆ ಬಂದು ಹೊಸದಾಗಿ ಸಂಸಾರ ಹೂಡಿದವರಿಗೆ ಗ್ಯಾಸ್ ಇದ್ದರೂ ಸ್ನಾನದ ನೀರಿಗೆ, ರೊಟ್ಟಿ ಹಂಚಿಗೆ ಕಟ್ಟಿಗೆ ಬೇಕೇ ಬೇಕು. ಎಲ್ಲರೂ ಮೊದಲು ಕೊಡಲಿಗೆ ದುಡ್ಡು ಹಾಕುತ್ತಾರೆ. ಅದಕ್ಕೂ ಮೊದಲು ಬೇಕಾದದ್ದು ಕಟ್ಟಿಗೆ ಅಲುಗದಂತೆ ಹಿಡಿಯುವ ಅಡ್ಡೆ.

ಮುಂಗೈ ದಪ್ಪದ, ಮೂರಡಿ ಉದ್ದದ ಆರು ಗಳ ತೆಗೆದುಕೊಳ್ಳಿ. ಎರಡೆರಡನ್ನು ಕತ್ತರಿಯಂತೆ ದಾಟಿಸಿ, ಕೆಳಗೆ ಎರಡಡಿ, ಮೇಲೆ ಒಂದಡಿ ಉಳಿಯುವಲ್ಲಿ 12 ಮಿ.ಮೀ. ಬೋಲ್ಟ್ ಹಾಕಿ. ಬಲಗಡೆಯ ಎರಡು ಕತ್ತರಿಗಳ ನಡುವೆ ಒಂದಡಿ, ಮೂರನೆಯದಕ್ಕೆ ಎರಡಡಿ ಅಂತರವಿರಲಿ. ಕಾಲುಗಳಿಗೆ ಎರಡೂ ಬದಿ ಉದ್ದನೆಯ ಪಟ್ಟಿ ಹೊಡೆದು, ಪ್ರತಿ ಕತ್ತರಿಯ ಎರಡು ಪಾದಗಳನ್ನು ಹಗ್ಗದಿಂದ ಬಿಗಿಯಿರಿ. ಈ ಹಗ್ಗ ಮರೆತರೆ ಭಾರ ಬಿದ್ದೊಡನೆ ಕಾಲು ಅಗಲಿ ಅಡ್ಡೆ ಕೂರುತ್ತದೆ.

ಕೊಯ್ಯುವುದು ಬಲತುದಿಯ ಕತ್ತರಿಯ ಹೊರಗೆ ಚಾಚಿದ ಭಾಗವನ್ನು. ಎರಡು ಆಸರೆಗಳ ನಡುವೆ ಕೊಯ್ದರೆ ದಿಮ್ಮಿ ಬಾಗಿ ಸೀಳು ಮುಚ್ಚುತ್ತದೆ, ಗರಗಸ ಕಚ್ಚಿಕೊಳ್ಳುತ್ತದೆ. ಕೊನೆಯ ಒಂದಿಂಚು ಇರುವಾಗ ದಿಮ್ಮಿ ಹೊರಳಿಸಿ ಆಚೆ ಮಗ್ಗುಲಿಂದ ಮುಗಿಸಿ. ಇಲ್ಲವಾದರೆ ತುಂಡು ಸಿಪ್ಪೆ ಸಮೇತ ಸಿಗಿದು ಬೀಳುತ್ತದೆ.

ಗರಗಸಕ್ಕೆ ಹಸಿ ಮರ ಕೊಯ್ಯುವ 24 ಇಂಚಿನ ಬ್ಲೇಡು ಮಾತ್ರ ಕೊಳ್ಳಿ. ಕಬ್ಬಿಣ ಕೊಯ್ಯುವ ಬ್ಲೇಡು ಇಲ್ಲಿ ದಂಡ, ಸಣ್ಣ ಹಲ್ಲಿನಲ್ಲಿ ಪುಡಿ ತುಂಬಿ ಜಾರುತ್ತದೆ. ಚೌಕಟ್ಟಿಗೆ ಹದಿನಾರು ಇಂಚಿನ ಎರಡು ಗಟ್ಟಿ ತೋಳು, ಅವುಗಳ ನಡುವೆ ಕಚ್ಚಿನಲ್ಲಿ ಕೂರುವ ಅಡ್ಡಪಟ್ಟಿ. ತೋಳುಗಳ ಕೆಳತುದಿಯ ಸೀಳಿನಲ್ಲಿ ಬ್ಲೇಡು ಕೂರಿಸಿ ಮೊಳೆ ತೂರಿಸಿ. ಮೇಲಿನ ತುದಿಗಳಿಗೆ ಹತ್ತಿ ಹಗ್ಗ ನಾಲ್ಕು ಸುತ್ತು ಹಾಕಿ, ನಡುವೆ ಕೋಲು ತೂರಿಸಿ ತಿರುವಿ, ಕೋಲನ್ನು ಅಡ್ಡಪಟ್ಟಿಗೆ ಆನಿಸಿ. ಬ್ಲೇಡನ್ನು ಬೆರಳಿಂದ ಮೀಟಿದರೆ ಟಿಣ್ ಅನ್ನಬೇಕು. ಸಡಿಲವಿದ್ದರೆ ಕೊಯ್ತ ಸೊಟ್ಟ ಹೋಗುತ್ತದೆ. ನೈಲಾನ್ ಹಗ್ಗ ಹಿಗ್ಗುತ್ತದೆ, ಬೇಡ. ಕೆಲಸ ಮುಗಿದ ಮೇಲೆ ಕೋಲು ಸಡಿಲಿಸಿಡಿ.

ಇಬ್ಬರೂ ಎದುರುಬದುರು ನಿಂತು ಕೊಯ್ಯುವಾಗ ಎಳೆಯುವುದಷ್ಟೇ ಕೆಲಸ, ತಳ್ಳಬಾರದು. ತಳ್ಳಿದರೆ ಬ್ಲೇಡು ಬಾಗುತ್ತದೆ, ಮಾತೂ ಬೆಳೆಯುತ್ತದೆ. ಹಲಸಿನ ಅಂಟು ಹಿಡಿದರೆ ಕೊಬ್ಬರಿ ಎಣ್ಣೆಯ ಬಟ್ಟೆಯಿಂದ ಒರೆಸಿ.

ಒಡೆಯಲು ಮೊಣಕಾಲಿಗಿಂತ ತಗ್ಗಿನ ಬೊಡ್ಡೆ ಸಾಕು. ಅದರ ಮೇಲೆ ಹಳೆಯ ಕಾರ್ ಟೈರು ಮೊಳೆ ಹೊಡೆದು ಕೂರಿಸಿದರೆ ತುಂಡುಗಳು ಚೆಲ್ಲುವುದಿಲ್ಲ. ನಡುವಿಗೆ ಹೊಡೆಯದೆ, ಮೊದಲೇ ಬಿಟ್ಟ ಬಿರುಕಿನ ಜಾಡಿನಲ್ಲಿ ಅಂಚಿಗೆ ಹೊಡೆಯಿರಿ. ಗಂಟು ಕೆಳಗಿರಲಿ. ಒಡೆಯದ ತುಂಡಿಗೆ ಹುಣಸೆಯ ಬೆಣೆ ಇಟ್ಟು ಮರದ ಕೊಡತಿಯಿಂದ ಬಡಿಯಿರಿ. ಕಬ್ಬಿಣದ ಬೆಣೆಯ ತಲೆ ಅಣಬೆಯಂತೆ ಅರಳಿದರೆ ಚೂರು ಸಿಡಿದು ಕಣ್ಣಿಗೆ ಬರುತ್ತದೆ, ಅರದಿಂದ ಉಜ್ಜಿ ತೆಗೆಯಿರಿ.

ಗೇರು ಗಂಟಿನ ಮರ, ಹಸಿ ಇದ್ದಾಗಲೇ ಸೀಳುವುದು ವಾಸಿ. ಗಾಳಿಮರ, ಅಕೇಶಿಯಾ ಒಳ್ಳೆಯ ಕೆಂಡ ಕೊಡುತ್ತವೆ. ತೆಂಗಿನ ಕಾಂಡಕ್ಕೆ ಕೊಡಲಿ ಹಾಕಿ ದಣಿಯಬೇಡಿ. ಅದು ನಾರಿನ ಕಟ್ಟು, ಮರದಂತೆ ಸೀಳದೆ ಅಲಗು ಮೊಂಡಾಗಿಸುತ್ತದೆ. ಮಡಲು, ಸಿಪ್ಪೆ ಉರಿ ಹೊತ್ತಿಸಲು ಸಾಕು. ಗೇರುಬೀಜದ ಸಿಪ್ಪೆಯನ್ನು ಅಡುಗೆಮನೆಯಲ್ಲಿ ಉರಿಸಬಾರದು, ಹೊಗೆ ಕಣ್ಣು ಗಂಟಲು ಸುಡುತ್ತದೆ.

ಕಡಿಯುವ ಮುಂಚೆ ಒಂದು ಮಾತು: ಗೋವಾದ 1984ರ ಮರ ಸಂರಕ್ಷಣಾ ಕಾಯ್ದೆಯಂತೆ ಹಿತ್ತಲಿನ ಸ್ವಂತ ಮರಕ್ಕೂ ಅನುಮತಿ ಬೇಕು. ಬಿದ್ದ ಕೊಂಬೆಗೂ ಭಾಟಕಾರರನ್ನು, ಅಂದರೆ ತೋಟದ ಒಡೆಯರನ್ನು, ಕೇಳಿಯೇ ಕೈ ಹಾಕಿ.

ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಕೊಯ್ದು ಸೀಳಿಟ್ಟರೆ ಜೂನ್ ಮೊದಲ ವಾರದ ಮಿರಗ (ಮೃಗಶಿರಾ) ಮಳೆಯೊಳಗೆ ಒಣಗುತ್ತದೆ. ತುದಿಯಲ್ಲಿ ಬಿರುಕು ಮೂಡಿ, ಎರಡು ತುಂಡು ತಾಡಿಸಿದಾಗ ಟಣ್ ಎಂದರೆ ಒಣಗಿದೆ. ಮೊದ್ದು ಸದ್ದಾದರೆ ಇನ್ನೂ ಹಸಿ. ಕೆಂಪುಕಲ್ಲಿನ ಮೇಲೆ ಅರ್ಧ ಅಡಿ ಎತ್ತರಿಸಿ ಒಟ್ಟಿ, ಇಲ್ಲದಿದ್ದರೆ ಗೆದ್ದಲು ಹತ್ತುತ್ತದೆ. ತಗಡು ತಲೆಗಷ್ಟೇ ಇರಲಿ, ಬದಿಗಳಿಗೆ ಗಾಳಿ ಬೇಕು. ಒಟ್ಟಿಲಲ್ಲಿ ಮಂಡಲದ ಹಾವು ಸೇರುವುದುಂಟು. ಕೋಲಿನಿಂದ ಬಡಿದು, ಮೇಲಿನ ಸಾಲಿನಿಂದಲೇ ತೆಗೆಯಿರಿ, ಕೆಳಗಿನ ಸಂದಿಗೆ ಕೈ ತೂರಿಸಬೇಡಿ.